ಎರಡನೆಯ ಮಗು

ಕೆಲವು ಇಂಗ್ಲಿಷ್ ಪದಗಳು ನಮ್ಮ ಮನೆಗಳಿಗೆ ಬಂದು ಕೂತ ಮೇಲೆ ಎಲ್ಲಿಂದ ಬಂದವು, ಏಕೆ ಬಂದವು ಎಂಬುದನ್ನೇ ಮರೆತುಬಿಡುತ್ತವೆ. ‘ನೆಗೆಟಿವ್’ ಅಂಥದ್ದೊಂದು ಪದ. ಸದಾ ಕೊಂಕು ತೆಗೆಯುವವರನ್ನು ಕುರಿತು ‘ಅವರು ತುಂಬಾ ನೆಗೆಟಿವ್ ಕಣ್ರೀ’ ಅನ್ನುತ್ತೇವೆ. ಏನು ಕಾಯಿಲೆಯೋ ಎಂದು ಹೆದರಿ ಮಾಡಿಸಿದ ಪರೀಕ್ಷೆ ‘ನೆಗೆಟಿವ್’ ಎಂದು ಬಂದರೆ ಮಾತ್ರ ದೇವರಿಗೆ ತುಪ್ಪದ ದೀಪ ಹಚ್ಚುತ್ತೇವೆ. ಆದರೆ ಒಬ್ಬ ಹೆಣ್ಣುಮಗಳ ರಕ್ತವೇ ‘ನೆಗೆಟಿವ್’ ಎಂದು ಗೊತ್ತಾದರೆ, ಓದಿದವರ ಮನೆಗಳಲ್ಲೂ ಕ್ಷಣಕಾಲ ಮಾತು ನಿಲ್ಲುತ್ತದೆ. ಅವಳಲ್ಲಿ ಏನೋ ಕೊರೆಯಿದೆ ಎಂಬಂತೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ನಾನೂ ಆ ಗುಂಪಿನವಳೇ. ಎ ನೆಗೆಟಿವ್. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ, ಸಮಾಜ ಕಲಿಸುವ ನನಗೆ ರಕ್ತದ ವಿಜ್ಞಾನ ಪಾಠವಾಗಿ ಬಂದದ್ದಲ್ಲ, ಬದುಕಾಗಿ ಬಂದದ್ದು. ಹಾಗಾಗಿ ನಾನು ಹೇಳುವುದರಲ್ಲಿ ವೈದ್ಯರ ಭಾಷೆ ಕಡಿಮೆ, ಹೆಂಗಸರ ಭಾಷೆ ಹೆಚ್ಚು. ಸೈರಿಸಿಕೊಳ್ಳಬೇಕು.

ಮೊದಲು ಈ ‘ನೆಗೆಟಿವ್’ ಎಂದರೇನು ಎಂದು ನೋಡೋಣ. ನಮ್ಮ ರಕ್ತದ ಕೆಂಪು ಕಣಗಳ ಮೇಲೆ ಕೆಲವು ಗುರುತುಗಳಿರುತ್ತವೆ. ಅವುಗಳಲ್ಲಿ ಒಂದಕ್ಕೆ ಆರ್‌ಎಚ್ ಎಂದು ಹೆಸರು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ರೀಸಸ್ ಜಾತಿಯ ಕೋತಿಗಳ ರಕ್ತವನ್ನು ಬಳಸಿ ಮಾಡಿದ ಪ್ರಯೋಗವಾದ್ದರಿಂದ ಆ ಹೆಸರು ಬಂತು. ಈ ಗುರುತು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ‘ಇಲ್ಲ’ ಎಂದಷ್ಟೇ ಅದರ ಅರ್ಥ. ಕೆನ್ನೆಯಲ್ಲಿ ಗುಳಿ ಬೀಳದವರು ಇರುವುದಿಲ್ಲವೇ, ಹಾಗೆ. ಬಿಳಿಯರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ನೆಗೆಟಿವ್ ಇದ್ದಾರೆ. ನಮ್ಮ ದೇಶದಲ್ಲಿ ಇದು ನೂರಕ್ಕೆ ಐದರ ಆಸುಪಾಸು. ಅವರೆಲ್ಲ ಎಲ್ಲರಂತೆಯೇ ಉಂಡು, ದುಡಿದು ಬದುಕುತ್ತಾರೆ.

ತೊಡಕು ಬರುವುದು ಒಂದೇ ಕಡೆ. ತಾಯಿ ನೆಗೆಟಿವ್ ಆಗಿದ್ದು, ತಂದೆಯ ಪಾಲಿನಿಂದ ಮಗು ಪಾಸಿಟಿವ್ ಆದಾಗ. ನಮ್ಮ ಹಳ್ಳಿ ಮನೆಗಳ ನಾಯಿಯನ್ನು ನೆನಪು ಮಾಡಿಕೊಳ್ಳಿ. ಹೊಸಬರು ಮೊದಲ ಸಲ ಬಂದಾಗ ಅದಕ್ಕೆ ತಕ್ಷಣ ಏನೂ ತೋಚುವುದಿಲ್ಲ. ಅವರು ಹೋದ ಮೇಲೆ ಹೆಜ್ಜೆ ಮೂಸಿ ಮೂಸಿ ಗುರುತು ಹಿಡಿದುಕೊಳ್ಳುತ್ತದೆ. ಮುಂದಿನ ಸಲ ಅದೇ ವಾಸನೆ ಬೀದಿಯ ತಿರುವಿನಲ್ಲಿ ಬಂದರೆ ಸಾಕು, ಹಾರಿ ಬೀಳುತ್ತದೆ. ತಾಯಿಯ ಮೈಯೂ ಹಾಗೆಯೇ. ಸಾಮಾನ್ಯವಾಗಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರುವುದು ಹೆರಿಗೆಯ ಹೊತ್ತಿನಲ್ಲಿ. ಅಷ್ಟು ಹೊತ್ತಿಗೆ ಮೊದಲ ಮಗು ಹೊರಗೆ ಬಂದು ಕ್ಷೇಮವಾಗಿ ಅಳುತ್ತಿರುತ್ತದೆ. ಆದರೆ ತಾಯಿಯ ಮೈ ಆ ಗುರುತನ್ನು ನೆನಪಿಟ್ಟುಕೊಂಡು, ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಎರಡನೆಯ ಮಗು ಪಾಸಿಟಿವ್ ಆಗಿ ಗರ್ಭದಲ್ಲಿ ನಿಂತರೆ ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ಕೆಂಪು ಕಣಗಳನ್ನು ಒಡೆಯತೊಡಗುತ್ತವೆ. ಮಗುವಿಗೆ ರಕ್ತ ಸಾಲದು, ಮೈ ನೀರು ತುಂಬಿ ಊದುತ್ತದೆ. ಬದುಕಿ ಹುಟ್ಟಿದರೂ ಒಂದೇ ದಿನದಲ್ಲಿ ಅರಿಶಿನದಷ್ಟು ಹಳದಿಯಾಗುತ್ತದೆ. ಆ ಹಳದಿ ಮಿದುಳಿಗೆ ಏರಿದರೆ ಮಗು ಸಾಯುತ್ತದೆ, ಇಲ್ಲವೇ ಜೀವಮಾನವಿಡೀ ಊನವಾಗಿ ಉಳಿಯುತ್ತದೆ. ಸಾಮಾನ್ಯವಾಗಿ ಮೂರನೆಯದಕ್ಕೆ ಇನ್ನೂ ಬೇಗ, ನಾಲ್ಕನೆಯದಕ್ಕೆ ಇನ್ನೂ ಜೋರು.

ಇಷ್ಟು ಓದುವ ಹೊತ್ತಿಗೆ ನಿಮ್ಮಲ್ಲಿ ಕೆಲವರಿಗೆ ಯಾರದೋ ಮುಖ ನೆನಪಾಗಿರಬೇಕು. ಹಿಂದಿನ ತಲೆಮಾರಿನಲ್ಲಿ ಇಂಥವರು ಅಲ್ಲಲ್ಲಿ ಇದ್ದರು. ಮೊದಲ ಮಗು ಚೆನ್ನಾಗಿ ಬೆಳೆದು, ಆಮೇಲಿನವು ಒಂದರ ಹಿಂದೊಂದು ಹೋದ ತಾಯಂದಿರು. ನನಗೆ ನೆನಪಾಗುವುದು ನಮ್ಮ ಸೋದರತ್ತೆ. ಅವರಿಗೆ 1962ರಲ್ಲಿ ಹುಟ್ಟಿದ ಮೊದಲ ಮಗಳು ಗುಂಡುಗುಂಡಾಗಿ ಬೆಳೆದಳು. 1964ರಲ್ಲಿ ಹುಟ್ಟಿದ ಗಂಡುಮಗು ಮೂರನೆಯ ದಿನ ಹಳದಿಗಟ್ಟಿ ಹೋಯಿತು. ಆಮೇಲಿನ ಎರಡೂ ಹೊಟ್ಟೆಯಲ್ಲೇ ತೀರಿಕೊಂಡವು. ಕೊನೆಯದು 1968ರಲ್ಲಿ, ನಾನು ಹುಟ್ಟಿದ ವರ್ಷ. ನಾಗದೋಷವೆಂದರು. ಕುಕ್ಕೆಗೆ ಹೋಗಿ ಸೇವೆ ಮಾಡಿಸಿದರು, ಅಶ್ವತ್ಥಕಟ್ಟೆಯಲ್ಲಿ ಕಲ್ಲು ಪ್ರತಿಷ್ಠೆ ಮಾಡಿಸಿದರು. ಕಷ್ಟ ಬಂದಾಗ ದೇವರ ಮುಂದೆ ನಿಲ್ಲುವುದರಲ್ಲಿ ತಪ್ಪೇನಿದೆ? ಆದರೆ ಆ ‘ದೋಷ’ ಎನ್ನುವ ಮಾತು ನಾಗರಕಲ್ಲಿನ ಹತ್ತಿರ ಉಳಿಯಲಿಲ್ಲ. ಅತ್ತೆಯ ಬೆನ್ನ ಹಿಂದೆಯೇ ಮನೆಗೆ ಬಂತು. ‘ಇವಳ ಹೊಟ್ಟೆಯೇ ಸರಿಯಿಲ್ಲ’ ಎಂದು ಅವರ ಅತ್ತೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಕಡೆಯ ನಾಮಕರಣಗಳಲ್ಲಿ ಸೋದರತ್ತೆ ಅಡುಗೆಮನೆಯಲ್ಲಿ ಇರುತ್ತಿದ್ದರು. ತೊಟ್ಟಿಲು ತೂಗುವ ಹೊತ್ತಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರೂ ಬರುತ್ತಿರಲಿಲ್ಲ. ಸೌತೆಕಾಯಿ ಹೆಚ್ಚುತ್ತಾ ಕೂತಿರುತ್ತಿದ್ದರು.

ಅದೇ ವರ್ಷಗಳಲ್ಲಿ, ನಮ್ಮ ಹಾಸನ ಜಿಲ್ಲೆಯಿಂದ ಸಾವಿರಾರು ಮೈಲಿ ದೂರದ ನ್ಯೂಜಿಲೆಂಡಿನ ಆಕ್ಲೆಂಡ್ ಪಟ್ಟಣದಲ್ಲಿ ಒಬ್ಬ ವೈದ್ಯರು ಇಂಥ ಮಕ್ಕಳ ಬಗ್ಗೆಯೇ ತಲೆ ಕೆಡಿಸಿಕೊಂಡು ಕೂತಿದ್ದರು. ಅವರ ಹೆಸರು ವಿಲಿಯಂ ಲೈಲಿ. 1929ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ಮೊದಲು ಅವರು ಕೆಲಸ ಮಾಡಿದ್ದು ನರಗಳ ಸಂಶೋಧನೆಯಲ್ಲಿ, ಮುಂದೆ 1963ರಲ್ಲಿ ನೊಬೆಲ್ ಪಡೆದ ಜಾನ್ ಎಕಲ್ಸ್ ಅವರ ಕೈಕೆಳಗೆ. ಅಲ್ಲೇ ಉಳಿದಿದ್ದರೆ ಇನ್ನೂ ದೊಡ್ಡ ಹೆಸರಾಗುತ್ತಿತ್ತೋ ಏನೋ. ಅವರು ಅದನ್ನು ಬಿಟ್ಟು ತಮ್ಮೂರಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಗೆ, ಬಸುರಿ ಬಾಣಂತಿಯರ ನಡುವೆ ಕೆಲಸ ಮಾಡಲು ಬಂದರು.

ಆ ಹೊತ್ತಿಗೆ ಒಂದು ದಾರಿ ತಿಳಿದಿತ್ತು. ಹುಟ್ಟಿದ ಕೂಡಲೇ ಮಗುವಿನ ಕೆಟ್ಟ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬುವುದು. ಇದರಿಂದ ಎಷ್ಟೋ ಮಕ್ಕಳು ಉಳಿಯುತ್ತಿದ್ದವು. ಆದರೆ ಹುಟ್ಟುವ ತನಕ ತಾಳದ ಮಕ್ಕಳ ಗತಿಯೇನು? ಬೇಗ ಹೆರಿಗೆ ಮಾಡಿಸೋಣವೆಂದರೆ ತೀರಾ ಎಳೆಯ ಮಗು ಉಳಿಯದು, ಒಳಗೇ ಬಿಟ್ಟರೆ ರಕ್ತವಿಲ್ಲದೆ ಸಾಯುತ್ತದೆ. ಯಾವ ಮಗುವಿಗೆ ಎಷ್ಟು ಅಪಾಯ ಎಂದು ಹೊರಗಿನಿಂದ ತಿಳಿಯುವುದಾದರೂ ಹೇಗೆ? ಲೈಲಿ ಮೊದಲು ಈ ಪ್ರಶ್ನೆಯನ್ನೇ ಹಿಡಿದರು. ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಕಿ, ಮಗುವಿನ ಸುತ್ತಲಿನ ನೀರನ್ನು ಒಂದಿಷ್ಟು ತೆಗೆದರು. ಒಡೆದ ಕೆಂಪು ಕಣಗಳ ಹಳದಿ ಬಣ್ಣ ಆ ನೀರಿಗೆ ಇಳಿದಿರುತ್ತದೆ. ಅದು ಎಷ್ಟಿದೆ ಎಂದು ಬೆಳಕು ಹಾಯಿಸಿ ಅಳೆದು, ಬಸುರಿನ ವಾರಗಳ ಲೆಕ್ಕದ ಜೊತೆ ಒಂದು ನಕ್ಷೆಯ ಮೇಲೆ ಗುರುತಿಸಿದರು. ನಕ್ಷೆಯಲ್ಲಿ ಮೂರು ಪಟ್ಟೆ. ಕೆಳಗಿನದರಲ್ಲಿ ಬಂದರೆ ಕಾಯಬಹುದು, ನಡುವಿನದರಲ್ಲಿ ಕಣ್ಣಿಟ್ಟಿರಬೇಕು, ಮೇಲಿನದರಲ್ಲಿ ಬಂದರೆ ತಡಮಾಡುವಂತಿಲ್ಲ. 1961ರಲ್ಲಿ ಪ್ರಕಟವಾದ ಈ ನಕ್ಷೆಯನ್ನು ಲೋಕದ ವೈದ್ಯರೆಲ್ಲ ಹತ್ತಾರು ವರ್ಷ ‘ಲೈಲಿ ನಕ್ಷೆ’ ಎಂದೇ ಬಳಸಿದರು.

ಆದರೆ ಮೇಲಿನ ಪಟ್ಟೆಯಲ್ಲಿ, ಇನ್ನೂ ಎಳಸಾಗಿರುವಾಗಲೇ ಬಂದ ಮಕ್ಕಳಿಗೆ ನಕ್ಷೆ ಏನು ಮಾಡೀತು? ಸಾಯುತ್ತದೆ ಎಂದು ಮೊದಲೇ ತಿಳಿಸೀತು, ಅಷ್ಟೆ. ಆಗ ಲೈಲಿಯವರಿಗೆ ಹೊಳೆದದ್ದು ಅಲ್ಲಿಯತನಕ ಯಾರೂ ಮಾಡಿರದ ಕೆಲಸ. ಮಗು ಒಳಗಿರುವಾಗಲೇ ಅದಕ್ಕೆ ರಕ್ತ ಕೊಡುವುದು! ಆಫ್ರಿಕಾದಲ್ಲಿ ರಕ್ತದ ಕಾಯಿಲೆಯ ಮಕ್ಕಳಿಗೆ ರಕ್ತನಾಳ ಸಿಗದಿದ್ದರೆ ಹೊಟ್ಟೆಯ ಪೊಳ್ಳಿಗೇ ರಕ್ತ ಬಿಡುತ್ತಾರೆ, ಮೈ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ ಎಂಬ ಸಂಗತಿ ಅವರ ಕಿವಿಗೆ ಬಿದ್ದಿತ್ತು. ಗರ್ಭದ ಮಗುವಿಗೂ ಅದೇ ಏಕಾಗಬಾರದು? ಆಗ ಈಗಿನಂತೆ ಒಳಗಿನದನ್ನು ತೋರಿಸುವ ಸ್ಕ್ಯಾನಿಂಗ್ ಇರಲಿಲ್ಲ. ಗರ್ಭದ ನೀರಿಗೆ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಸೇರಿಸಿದರು. ಮಗು ಆ ನೀರನ್ನು ಕುಡಿಯುತ್ತದೆ. ಕುಡಿದದ್ದು ಅದರ ಕರುಳಿನಲ್ಲಿ ಎಕ್ಸ್‌ರೇಗೆ ಕಾಣುತ್ತದೆ. ಅದೇ ಗುರಿ. ಆ ಗುರಿಗೆ ತಾಯಿಯ ಹೊಟ್ಟೆಯ ಹೊರಗಿನಿಂದ ಉದ್ದನೆಯ ಸೂಜಿ.

ಮೊದಲ ಮೂರು ಸಲ ಮಗು ಉಳಿಯಲಿಲ್ಲ. ನಾಲ್ಕನೆಯದು 1963ರಲ್ಲಿ ಉಳಿಯಿತು. ಗಂಡುಮಗು. ತಾಯಿಯ ಗರ್ಭದಲ್ಲೇ ಚಿಕಿತ್ಸೆ ಪಡೆದು ಬದುಕಿ ಬಂದ ಆ ಮಗುವಿನಿಂದ ವೈದ್ಯಶಾಸ್ತ್ರಕ್ಕೆ ಒಂದು ಹೊಸ ಕೊಂಬೆಯೇ ಚಿಗುರಿತು. ಆ ತನಕ ಹೊಟ್ಟೆಯಲ್ಲಿನ ಮಗು ವೈದ್ಯರ ಪಾಲಿಗೆ ತಾಯಿಯ ಒಂದು ಭಾಗ. ಲೈಲಿ ಅದನ್ನು ಒಬ್ಬ ಬೇರೆ ರೋಗಿ ಎಂದು ಎಣಿಸಿದರು. 1973ರಲ್ಲಿ ಅವರಿಗೆ ಸರ್ ಪದವಿ ಬಂತು. 1983ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಮೊದಲ ಮೂವರು ತಾಯಂದಿರ ಹತ್ತಿರ. ಹಿಂದೆ ಮಕ್ಕಳನ್ನು ಕಳೆದುಕೊಂಡವರೇ ಇಂಥ ಚಿಕಿತ್ಸೆಗೆ ಬರುತ್ತಿದ್ದವರು. ಯಾರೂ ಮಾಡಿ ನೋಡದ ಸೂಜಿಗೆ ಹೊಟ್ಟೆಯೊಡ್ಡಿ ಮಲಗಿದರು, ಆದರೂ ಬರಿಗೈಲಿ ಮನೆಗೆ ಹೋದರು. ಅವರು ಒಪ್ಪದಿದ್ದರೆ ನಾಲ್ಕನೆಯವಳ ಮಡಿಲು ತುಂಬುತ್ತಿರಲಿಲ್ಲ.

ಲೈಲಿಯವರದು ಬೆಂಕಿ ಹೊತ್ತಿದ ಮೇಲೆ ಆರಿಸುವ ಕೆಲಸ. ಹೊತ್ತದಂತೆ ನೋಡಿಕೊಳ್ಳುವ ಉಪಾಯ ಅದೇ ದಶಕದಲ್ಲಿ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸಿರಿಲ್ ಕ್ಲಾರ್ಕ್ ಮತ್ತು ರೊನಾಲ್ಡ್ ಫಿನ್, ಅಮೆರಿಕದ ನ್ಯೂಯಾರ್ಕಿನಲ್ಲಿ ಫ್ರೆಡಾ, ಗೋರ್ಮನ್ ಮತ್ತು ಪೊಲಾಕ್. ಕ್ಲಾರ್ಕರಿಗೆ ಚಿಟ್ಟೆ ಸಾಕುವ ಹುಚ್ಚು. ಚಿಟ್ಟೆಗಳ ರೆಕ್ಕೆಯ ಬಣ್ಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದುಬರುತ್ತದೆ ಎಂದು ನೋಡುತ್ತಾ ನೋಡುತ್ತಾ ಮನುಷ್ಯರ ರಕ್ತದ ಗುಂಪುಗಳಿಗೆ ಬಂದವರು ಅವರು. ತಾಯಿಯ ಮೈ ಪ್ರತಿಕಾಯ ತಯಾರಿಸದಂತೆ ತಡೆಯುವುದು ಹೇಗೆಂದು ಅವರ ಗುಂಪು ಯೋಚಿಸುತ್ತಿದ್ದಾಗ, ಒಂದು ರಾತ್ರಿ ಅವರ ಹೆಂಡತಿ ಗಂಡನನ್ನು ಎಬ್ಬಿಸಿ, ಆ ಪ್ರತಿಕಾಯವನ್ನೇ ಕೊಟ್ಟುಬಿಡಿ ಎಂದರಂತೆ. ಯಾವುದು ಬೇಡವೆಂದು ಒದ್ದಾಡುತ್ತಿದ್ದೇವೋ ಅದನ್ನೇ ಕೊಡುವುದೇ ಎಂದು ಕ್ಲಾರ್ಕ್ ಮಗ್ಗುಲು ಬದಲಿಸಿ ಮಲಗಿದರಂತೆ. ಬೆಳಗ್ಗೆ ಯೋಚಿಸಿದರೆ ಹೆಂಡತಿ ಹೇಳಿದ್ದೇ ಸರಿ! ಹೊರಗಿನಿಂದ ಸ್ವಲ್ಪ ಪ್ರತಿಕಾಯ ಕೊಟ್ಟರೆ, ಅದು ತಾಯಿಯ ರಕ್ತಕ್ಕೆ ಸೇರಿದ ಮಗುವಿನ ಕಣಗಳನ್ನು ಆಕೆಯ ಮೈ ಗುರುತಿಸುವ ಮೊದಲೇ ಮುಗಿಸಿಬಿಡುತ್ತದೆ. ನಾಯಿ ಮೂಸುವ ಮೊದಲೇ ಹೆಜ್ಜೆಯ ಗುರುತು ಅಳಿಸಿದಂತೆ. ಕೊಟ್ಟ ಪ್ರತಿಕಾಯ ಕೆಲವು ತಿಂಗಳಲ್ಲಿ ತಾನೇ ಕರಗಿ ಹೋಗುತ್ತದೆ, ತಾಯಿಯ ಮೈ ಮಾತ್ರ ಏನನ್ನೂ ಕಲಿತಿರುವುದಿಲ್ಲ.

ಇದೇ ಆಂಟಿ-ಡಿ ಇಂಜೆಕ್ಷನ್. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 1968ರಲ್ಲಿ. ನಮ್ಮ ಸೋದರತ್ತೆಯ ಕೊನೆಯ ಮಗು ಹೋದ ವರ್ಷ. ಆದರೆ ಅದು ನಮ್ಮ ಕಡೆಯ ಚಿಕ್ಕ ಊರುಗಳಿಗೆ ಬರುವಷ್ಟರಲ್ಲಿ ಎಷ್ಟು ತೊಟ್ಟಿಲುಗಳು ಅಟ್ಟ ಸೇರಿದ್ದವೋ.

1996ರಲ್ಲಿ ನಾನು ಮೊದಲ ಸಲ ಬಸುರಾದಾಗ ನಮ್ಮ ಊರಿನ ಲೇಡಿ ಡಾಕ್ಟರು ರಕ್ತದ ಚೀಟಿ ನೋಡಿ, ‘ನಿಮ್ಮ ಯಜಮಾನರ ಗ್ರೂಪ್ ಯಾವುದು?’ ಎಂದರು. ಬಿ ಪಾಸಿಟಿವ್. ‘ನಿಮ್ಮ ತವರಿನ ಕಡೆ ಯಾರಿಗಾದರೂ ಮಕ್ಕಳು ಉಳಿಯದೆ ಹೋದದ್ದು ಉಂಟಾ?’ ಎಂದು ಕೇಳಿದರು. ನಾನು ಸೋದರತ್ತೆಯ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನಾಲ್ಕೂ ಹೆರಿಗೆಗಳ ವಿವರ ಕೇಳಿಕೊಂಡರು. ಆಮೇಲೆ ನನಗೆ ಮೇಲೆ ಬರೆದದ್ದನ್ನೆಲ್ಲ ಸರಳವಾಗಿ ತಿಳಿಸಿ, ‘ಹೆರಿಗೆಯಾದ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಬಿದ್ದರೆ ಭಯವಿಲ್ಲ’ ಎಂದರು.

ಮೂರು ದಿನ, ಅಂದರೆ ಎಪ್ಪತ್ತೆರಡು ಗಂಟೆ. ಈ ಲೆಕ್ಕ ಬಂದದ್ದು ನ್ಯೂಯಾರ್ಕಿನವರ ಪ್ರಯೋಗದಿಂದ ಎಂದು ಆಮೇಲೆ ಓದಿದೆ. ಅವರು ಸಿಂಗ್ ಸಿಂಗ್ ಎಂಬ ಜೈಲಿನಲ್ಲಿ ಒಪ್ಪಿ ಬಂದ ಕೈದಿಗಳ ಮೇಲೆ ಮದ್ದನ್ನು ಪರೀಕ್ಷಿಸಿದರು. ರಕ್ತ ಕೊಟ್ಟು ಮೂರು ದಿನ ಬಿಟ್ಟು ಮದ್ದು ಕೊಟ್ಟಾಗಲೂ ಅದು ಕೆಲಸ ಮಾಡಿತ್ತು. ಅದೇ ಲೆಕ್ಕ ತಾಯಂದಿರಿಗೂ ಗಡುವಾಯಿತು.

ಆ ಗಡುವಿನ ಬೆಲೆ ನನಗೆ ಗೊತ್ತಾದದ್ದು ಮಗಳು ಹುಟ್ಟಿದ ಮೇಲೆ. ಅವಳ ರಕ್ತ ಪಾಸಿಟಿವ್ ಎಂದು ಬಂತು. ಮದ್ದು ನಮ್ಮ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ನಮ್ಮವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಕಾಫಿಯ ಫ್ಲಾಸ್ಕನ್ನೇ ತೊಳೆದು ಜೊತೆಗೆ ಕೊಟ್ಟಿದ್ದೆವು, ಮದ್ದನ್ನು ತಣ್ಣಗೆ ಇಟ್ಟು ತರಬೇಕಿತ್ತಲ್ಲ! ಒಂದು ಪುಟ್ಟ ಸೀಸೆಗೆ ನನ್ನ ಸಂಬಳದ ದೊಡ್ಡ ಪಾಲು ಹೋಯಿತು. ಎರಡನೆಯ ದಿನ ಸಂಜೆ ಅವರು ಬೆವರಿಳಿಸಿಕೊಂಡು ಬಾಗಿಲಲ್ಲಿ ನಿಂತಾಗ ನಮ್ಮಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಅತ್ತುಬಿಟ್ಟರು. ನಾಲ್ಕು ವರ್ಷದ ಮೇಲೆ ಎರಡನೆಯವಳು ಹುಟ್ಟಿದಳು. ಮೈಬಣ್ಣ ನನ್ನದೇ, ಹಳದಿಯ ಸುಳಿವೂ ಇಲ್ಲ.

ಇದರ ನಡುವೆ, 1998ರಲ್ಲಿ, ಸೋದರತ್ತೆಗೆ ಗರ್ಭಕೋಶದ ಆಪರೇಷನ್ ಆಯಿತು. ರಕ್ತ ಹೊಂದಿಸುವಾಗ ಅವರದೂ ನೆಗೆಟಿವ್ ಎಂದು ಗೊತ್ತಾಯಿತು. ಮಾವನದು ಪಾಸಿಟಿವ್. ಅಷ್ಟು ವರ್ಷಗಳ ಹಿಂದಿನದನ್ನು ಈಗ ಸಾಬೀತು ಮಾಡುವುದು ಹೇಗೆ? ಆದರೂ ಕೇಳಿದ ಡಾಕ್ಟರುಗಳೆಲ್ಲ ಹೆಚ್ಚುಕಡಿಮೆ ಅದೇ ಕಾರಣವೆಂದರು. ನಾನು ಆಸ್ಪತ್ರೆಯ ಮಂಚದ ಪಕ್ಕ ಕೂತು ಅವರಿಗೆ ನಿಧಾನವಾಗಿ ವಿವರಿಸಿದೆ. ಹೊಟ್ಟೆಯದು ತಪ್ಪಲ್ಲ, ನಾಗಪ್ಪನದೂ ಅಲ್ಲ, ಮಾವನದೂ ಅಲ್ಲ, ಎರಡು ರಕ್ತಗಳು ಹೊಂದಲಿಲ್ಲ, ಅಷ್ಟೇ ಎಂದೆ. ಅವರು ಬಹಳ ಹೊತ್ತು ಫ್ಯಾನು ನೋಡುತ್ತಾ ಮಲಗಿದ್ದರು. ಆಮೇಲೆ ಕೇಳಿದರು: ‘ಇದನ್ನ ಡಾಕ್ಟ್ರು ಒಂದು ಚೀಟೀಲಿ ಬರ್ದು ಕೊಡ್ತಾರೇನೇ?’

‘ಯಾರಿಗೆ ತೋರಿಸ್ಬೇಕತ್ತೆ?’ ಅಂದೆ. ಅವರ ಅತ್ತೆ ತೀರಿಕೊಂಡು ಹದಿನೈದು ವರ್ಷವಾಗಿತ್ತು.

‘ಯಾರಿಗೂ ಬೇಡ. ನನ್ ಟ್ರಂಕಲ್ಲಿ ಇರ್ಲಿ’ ಅಂದರು.

ಡಾಕ್ಟರು ಬರೆದುಕೊಡಲಿಲ್ಲ. ಹಳೆಯ ದಾಖಲೆಗಳಿಲ್ಲದೆ ಹಾಗೆಲ್ಲ ಬರೆಯುವಂತಿಲ್ಲವೆಂದರು. ಅದೂ ಸರಿಯೇ. ರಕ್ತದ ಗುಂಪಿನ ಚೀಟಿಯೊಂದನ್ನೇ ಅತ್ತೆ ಮಡಿಸಿ ಇಟ್ಟುಕೊಂಡರು. ಎರಡು ವರ್ಷದ ಮೇಲೆ ನನ್ನ ಎರಡನೆಯವಳ ನಾಮಕರಣದಲ್ಲಿ ತೊಟ್ಟಿಲು ಮೊದಲು ತೂಗಿದವರು ಅವರೇ. ನಾನು ಹೋಗಿ ಕೈ ಹಿಡಿದು ಕರೆತಂದೆ. ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಾದವರಲ್ಲಿ ಅರ್ಧ ಜನ ಆಗಲೇ ಇರಲಿಲ್ಲ ಅನ್ನಿ. ಅತ್ತೆ 2011ರಲ್ಲಿ ಹೋದರು.

ಅವರು ಹೋದ ಮೇಲೆ ನನಗೆ ತಿಳಿದ ಒಂದು ಸಂಗತಿಯನ್ನು ಅವರಿಗೆ ಹೇಳಬೇಕಿತ್ತು ಎನ್ನಿಸುತ್ತದೆ. ಈ ಮದ್ದನ್ನು ಕಾರ್ಖಾನೆಯಲ್ಲಿ ಬೆರೆಸಿ ಕುದಿಸಿ ಮಾಡಿದ್ದಲ್ಲ. ಪ್ರತಿಕಾಯ ಇರುವ ಮನುಷ್ಯರ ರಕ್ತದಿಂದಲೇ ಅದನ್ನು ತೆಗೆಯಬೇಕಿತ್ತು. ಮೊದಲ ದಿನಗಳಲ್ಲಿ ಅದನ್ನು ಕೊಟ್ಟವರಲ್ಲಿ ಇಂಥದೇ ತಾಯಂದಿರೂ ಇದ್ದರು. ಹೊಟ್ಟೆಯ ಮಕ್ಕಳಿಗೆ ಕಂಟಕವಾದ ಅದೇ ಪ್ರತಿಕಾಯ ಬೇರೆ ತಾಯಂದಿರ ಮಕ್ಕಳನ್ನು ಕಾಯಿತು. ಆಮೇಲೆ ಗಂಡಸರೂ ಮುಂದೆ ಬಂದರು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರು ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ದೊಡ್ಡ ಆಪರೇಷನ್ ಆಗಿ, ಕಂಡರಿಯದವರ ರಕ್ತದಿಂದ ಬದುಕಿದವರು. ಆ ಋಣಕ್ಕೆಂದು ಹದಿನೆಂಟು ತುಂಬಿದ ಕೂಡಲೇ ರಕ್ತ ಕೊಡಲು ಶುರುಮಾಡಿದರು. ಅವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. 2018ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ನಿಲ್ಲಿಸುವವರೆಗೆ 1173 ಸಲ ಕೊಟ್ಟಿದ್ದರು. ಸೂಜಿ ಕಂಡರೆ ಅವರಿಗೆ ಭಯ, ಒಂದು ಸಲವೂ ಅದರ ಕಡೆ ನೋಡುತ್ತಿರಲಿಲ್ಲವಂತೆ! ಅವರ ದಾನದಿಂದ ನೆರವಾದ ಮಕ್ಕಳ ಸಂಖ್ಯೆ ಇಪ್ಪತ್ತನಾಲ್ಕು ಲಕ್ಷ ಎಂದು ಅಲ್ಲಿಯವರು ಅಂದಾಜು ಮಾಡಿದ್ದಾರೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಈ ಇಂಜೆಕ್ಷನ್ ಬಂದ ಮೇಲೆ ಲೈಲಿಯವರ ಸೂಜಿಗೆ ಕೆಲಸ ಕಡಿಮೆಯಾಯಿತು. ಅವರ ನಕ್ಷೆಯ ಬದಲು ಈಗ ಸ್ಕ್ಯಾನಿಂಗ್‌ನಲ್ಲೇ ಮಗುವಿನ ತಲೆಯ ರಕ್ತನಾಳದಲ್ಲಿ ರಕ್ತ ಹರಿಯುವ ವೇಗ ನೋಡಿ ರಕ್ತಹೀನತೆಯನ್ನು ತಿಳಿಯುತ್ತಾರೆ. ರಕ್ತ ಕೊಡಲೇಬೇಕಾದರೆ ಹೊಕ್ಕುಳಬಳ್ಳಿಯ ನಾಳಕ್ಕೇ ಕೊಡುತ್ತಾರೆ. ಬೆಂಗಳೂರಿನಲ್ಲೂ ಇದನ್ನು ಮಾಡುವ ವೈದ್ಯರಿದ್ದಾರೆ. ಆದರೆ ಅಷ್ಟು ದೂರ ಹೋಗುವಂತಾಗುವುದೇ ಬೇಡ ಅನ್ನುವುದು ನನ್ನ ಆಸೆ.

ಅದಕ್ಕೆ ನಾವು ಮಾಡಬೇಕಾದದ್ದು ಬಹಳ ಏನಿಲ್ಲ. ಮೊದಲ ಬಸುರಿನಲ್ಲೇ, ಮೊದಲ ಭೇಟಿಯಲ್ಲೇ ರಕ್ತದ ಗುಂಪು ನೋಡಿಸಬೇಕು. ನೆಗೆಟಿವ್ ಎಂದು ಬಂದರೆ ಗಂಡನದನ್ನೂ ನೋಡಿಸಬೇಕು. ಈಗ ಏಳನೆಯ ತಿಂಗಳ ಹೊತ್ತಿಗೆ ಒಂದು, ಹುಟ್ಟಿದ ಮಗು ಪಾಸಿಟಿವ್ ಆದರೆ ಮೂರು ದಿನದೊಳಗೆ ಮತ್ತೊಂದು ಇಂಜೆಕ್ಷನ್ ಕೊಡುತ್ತಾರೆ. ಬಹಳ ಜನ ಮರೆಯುವುದು ಗರ್ಭಪಾತದ ವಿಷಯ. ತಾನಾಗಿ ಆದದ್ದಿರಲಿ, ಮಾಡಿಸಿಕೊಂಡದ್ದಿರಲಿ, ‘ಮಗು ನಿಲ್ಲಲೇ ಇಲ್ಲವಲ್ಲ, ಇನ್ನೇನು’ ಎಂದು ಸುಮ್ಮನಿರಬಾರದು. ತಾಯಿಯ ಮೈಗೆ ಗುರುತು ಹಿಡಿಯಲು ಅಷ್ಟೂ ಸಾಕಾಗಬಹುದು. ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಆಗಲೇ ಕೇಳಬೇಕು. ಪ್ರತಿಕಾಯ ಒಮ್ಮೆ ಹುಟ್ಟಿಕೊಂಡ ಮೇಲೆ ಈ ಮದ್ದು ಏನೂ ಮಾಡಲಾರದು. ಹಾಗೆಯೇ, ಹುಟ್ಟಿದ ಮೊದಲ ದಿನವೇ ಮಗು ಹಳದಿಯಾದರೆ ಎಳೆಬಿಸಿಲಿಗೆ ಹಿಡಿಯುತ್ತಾ ಕೂರದೆ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು.

ನಮ್ಮಲ್ಲಿ ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯಲು ಒಂದು ಪುಟ್ಟ ಜಾಗವಿದೆ. ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಬಸುರಿಯಿದ್ದರೆ, ಮನೆಗೆಲಸಕ್ಕೆ ಬರುವ ಹುಡುಗಿ ಬಸುರಿಯಿದ್ದರೆ, ಆ ಕಾರ್ಡನ್ನು ಒಮ್ಮೆ ಕೇಳಿ ನೋಡಿ. ಆ ಜಾಗ ಖಾಲಿಯಿದ್ದರೆ ನಾಳೆಯೇ ಕರೆದುಕೊಂಡು ಹೋಗಿ ತುಂಬಿಸಿ.